ಬಾಡಿಗೆ ಮನೆ ಬಿಡುತ್ತಿದ್ದೇವೆ. ಕ್ಲೀನಿಂಗ್ ಎಲ್ಲಿಂದ ಶುರು ಮಾಡಲಿ, ಎಲ್ಲಿ ನಿಲ್ಲಿಸಲಿ?

ಅರ್ಧ_ಪ್ಯಾಕಿಂಗ್:

ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತಿದ್ದೇವೆ. ಬೀರು ಜರುಗಿಸಿದಾಗ ಹಿಂದಿನ ಗೋಡೆ ನೋಡಿ ಗಾಬರಿಯಾಯಿತು. ಕಪ್ಪು ಬೂಷ್ಟು. ಬಾತ್‌ರೂಮಿನ ನಲ್ಲಿ, ಶವರ್, ಟೈಲ್ಸ್ ಮೇಲೆಲ್ಲ ಗಡಸು ನೀರಿನ ಬಿಳಿ ಕಲೆ. ಉಗುರಲ್ಲಿ ಕೆರೆದರೂ ಬರುವುದಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಮುಟ್ಟಿದರೆ ಕೈ ಅಂಟುತ್ತದೆ. ಹಾಲ್ ಗೋಡೆ ತುಂಬಾ ನಾವು ಹೊಡೆದ ಮೊಳೆಯ ತೂತು, ಮಗಳ ಕ್ರೆಯಾನ್ ಚಿತ್ರಗಳು ಬೇರೆ.

ಓನರ್ ಕೆಟ್ಟವರಲ್ಲ. ಆದರೆ ಎಲ್ಲವನ್ನೂ ತೆರೆದು, ಮುಟ್ಟಿ ನೋಡುವ ಪೈಕಿ. ನಮ್ಮ ಯಜಮಾನರು "ಹೇಗೂ ಅವರು ಪೇಂಟ್ ಮಾಡಿಸ್ತಾರೆ, ಗುಡಿಸಿ ಒರೆಸಿ ಕೊಟ್ಟರೆ ಸಾಕು" ಅನ್ನುತ್ತಾರೆ. ಅಮ್ಮ ಫೋನಿನಲ್ಲಿ "ಆ್ಯಸಿಡ್ ಹಾಕಿ ತಿಕ್ಕು, ಹೊಸದಾಗುತ್ತೆ" ಅಂತಾರೆ. ಯಾರ ಮಾತು ಕೇಳಲಿ?

ಸೋಮಾರಿ_ಸಂಘ:

ಕ್ಲೀನಿಂಗ್‌ನವರಿಗೆ ಕೊಟ್ಟುಬಿಡಿ, ನೆಮ್ಮದಿ. ಅದಕ್ಕೂ ಮುಂಚೆ ಅಗ್ರಿಮೆಂಟ್ ತೆಗೆದು ಓದಿ. ಪೇಂಟಿಂಗ್, ಕ್ಲೀನಿಂಗ್ ಯಾರ ತಲೆಗೆ ಅಂತ ಅದರಲ್ಲಿ ಬರೆದಿದ್ದರೆ ಇಲ್ಲಿ ಚರ್ಚೆ ಮಾಡಿ ಏನು ಪ್ರಯೋಜನ?

ಕೀಗೊಂಚಲು:

ಜನ ಮನೆ ಬಿಡುವಾಗ ಕೀ ತೆಗೆದುಕೊಂಡು, ಮನೆ ನೋಡಿ, ಬರೆದುಕೊಳ್ಳುವುದೇ ನನ್ನ ಕೆಲಸ. ಅದಕ್ಕೆ ನೋಡುವವನ ಕಡೆಯಿಂದ ಹೇಳುತ್ತೇನೆ. ಕೊಳೆ ಕಂಡರೆ ನನಗೆ ಅಷ್ಟು ಚಿಂತೆ ಇಲ್ಲ, ತೊಳೆದರೆ ಹೋಗುತ್ತದೆ. ಕೊನೇ ಗಳಿಗೆಯಲ್ಲಿ ಅವಸರಕ್ಕೆ ತಿಕ್ಕಿ ಹಾಳು ಮಾಡಿದ್ದು ಹೋಗುವುದಿಲ್ಲ. ಅಡ್ವಾನ್ಸ್ ಜಗಳ ಜೋರಾಗುವುದು ಅಲ್ಲೇ.

ಹಾಗಾಗಿ ಅಮ್ಮನ ಆ್ಯಸಿಡ್ ಬೇಡ. ಬಾತ್‌ರೂಮ್ ಆ್ಯಸಿಡ್ ಅಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆ್ಯಸಿಡ್. ಬಿಳಿ ಕಲೆ ಹೋಗುತ್ತದೆ ನಿಜ. ಅದರ ಜೊತೆ ಟೈಲ್ಸ್ ಸಂದಿನ ಸಿಮೆಂಟೂ ಹೋಗುತ್ತದೆ, ನಲ್ಲಿಯ ಹೊಳಪೂ ಹೋಗುತ್ತದೆ. ಅದರ ಹೊಗೆ ತಾಗಿದರೂ ಪಕ್ಕದ ಸ್ಟೀಲ್ ಮಂಕಾಗುತ್ತದೆ. ಆ ಬಿಳಿ ಕಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಇಷ್ಟು ಜೋರಿನ ಆ್ಯಸಿಡ್ ಬೇಕಿಲ್ಲ. ಬಿಳಿ ವಿನೆಗರ್ ಸಾಕು, ಅಥವಾ ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಸಿಟ್ರಿಕ್ ಆ್ಯಸಿಡ್ ಪುಡಿ. ಬಟ್ಟೆ ತುಂಡು ಅದರಲ್ಲಿ ನೆನೆಸಿ ನಲ್ಲಿಗೆ ಸುತ್ತಿ. ಶವರ್ ಆದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ಹಾಕಿ, ಶವರ್ ಮುಳುಗುವ ಹಾಗೆ ದಾರ ಕಟ್ಟಿ ನೇತುಹಾಕಿ. ಅರ್ಧ ಗಂಟೆ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ದಪ್ಪ ಇದ್ದರೆ ಮತ್ತೊಮ್ಮೆ ಮಾಡಿ. ರಾತ್ರಿಯಿಡೀ ಮಾತ್ರ ಬಿಡಬೇಡಿ.

ಇದೊಂದು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ವಿನೆಗರ್ ಆಗಲಿ ಬೇರೆ ಆ್ಯಸಿಡ್ ಆಗಲಿ, ಬ್ಲೀಚ್ ಜೊತೆ ಸೇರಬಾರದು. ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಿಟಕಿ ಚಿಕ್ಕದಿರುವ ಬಾತ್‌ರೂಮಿನಲ್ಲಿ ಅದು ತಮಾಷೆಯ ಮಾತಲ್ಲ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ. ಒಂದನ್ನು ಬಳಸಿದ ದಿನ ಇನ್ನೊಂದರ ಬಾಟಲಿ ಮುಚ್ಚಳ ತೆಗೆಯಲೇಬೇಡಿ.

ಜಿಡ್ಡಿಗೆ ವಿನೆಗರ್ ಹಾಕಿ ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಜಿಡ್ಡಿಗೆ ಬೇಕಾದದ್ದು ಸೋಪು ಮತ್ತು ಬಿಸಿ. ಫ್ಯಾನಿನ ಪ್ಲಗ್ ತೆಗೆದು ರೆಕ್ಕೆ ಬಿಚ್ಚಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿ. ಮೋಟಾರ್ ಭಾಗಕ್ಕೆ ನೀರು ಬೇಡ, ಹಿಂಡಿದ ಬಟ್ಟೆಯಲ್ಲಿ ಒರೆಸಿ. ವಾಷಿಂಗ್ ಸೋಡಾ ಇನ್ನೂ ಚೆನ್ನಾಗಿ ಜಿಡ್ಡು ಬಿಡಿಸುತ್ತದೆ. ಆದರೆ ಅಲ್ಯೂಮಿನಿಯಂಗೆ ಹಾಕಬೇಡಿ, ಕಪ್ಪಾಗುತ್ತದೆ. ಚಿಮಣಿಯ ಜಾಲರಿ ಎಷ್ಟೋ ಸಲ ಅಲ್ಯೂಮಿನಿಯಂದೇ ಆಗಿರುತ್ತದೆ.

ಬೂಷ್ಟಿನ ವಿಷಯ ಬೇರೆ. ಒರೆಸುವ ಮುಂಚೆ ಫೋಟೋ ತೆಗೆಯಿರಿ. ಆಮೇಲೆ ಅದರ ಆಕಾರ ನೋಡಿ. ಬೀರು ನಿಂತಿದ್ದ ಜಾಗಕ್ಕೆ ಸರಿಯಾಗಿ ಇದ್ದರೆ ಗಾಳಿಯಾಡದೆ ಬಂದದ್ದಿರಬಹುದು. ನೆಲದಿಂದ ಮೇಲಕ್ಕೆ ಏರಿ ಒಂದೇ ಎತ್ತರಕ್ಕೆ ನಿಂತಿದ್ದರೆ, ಬಣ್ಣ ಉಬ್ಬಿ ಪುಡಿ ಉದುರುತ್ತಿದ್ದರೆ, ಗೋಡೆ ಕೆಳಗಿನಿಂದ ತೇವ ಎಳೆಯುತ್ತಿದೆ. ಗೋಡೆಯ ಆಚೆ ಬಾತ್‌ರೂಮ್ ಇದ್ದರೆ ಪೈಪ್ ಸೋರಿಕೆಯೂ ಇರಬಹುದು. ಈ ಎರಡೂ ನಿಮ್ಮ ಕ್ಲೀನಿಂಗ್‌ಗೆ ಸೇರಿದ್ದಲ್ಲ. ಓನರ್‌ಗೆ ಇವತ್ತೇ ಫೋಟೋ ಸಮೇತ ಮೆಸೇಜ್ ಹಾಕಿ. ಬಾಯಿಮಾತಿನಲ್ಲಿ ಹೇಳಿದ್ದು ಕೀ ಕೊಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಗಾಳಿಯಾಡದ ಬೂಷ್ಟು ಆದರೆ ಒಣ ಬ್ರಷ್ ಹಾಕಿ ಕೆರೆಯಬೇಡಿ, ಮನೆಯೆಲ್ಲ ಹಾರುತ್ತದೆ. ಕಿಟಕಿ ತೆಗೆದು, ಮಾಸ್ಕ್ ಗ್ಲೌಸ್ ಹಾಕಿಕೊಂಡು, ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಅದರ ಮೇಲೇ ಪೇಂಟ್ ಬಳಿದು ಮುಚ್ಚುವವರಿದ್ದಾರೆ. ಅಂಥ ಪೇಂಟ್ ಸಿಪ್ಪೆ ಏಳುತ್ತದೆ.

ಕ್ರಮ ಅಂತ ಕೇಳಿದರೆ, ಮನೆ ಪೂರ್ತಿ ಖಾಲಿಯಾದ ಮೇಲೆ ಮೇಲಿನಿಂದ ಕೆಳಕ್ಕೆ ಬನ್ನಿ. ಧೂಳು ಒಣಗಿದ್ದಾಗಲೇ ತೆಗೆಯಿರಿ, ಒದ್ದೆ ಕೆಲಸ ಆಮೇಲೆ. ಕಿಟಕಿಯ ಹಳಿಗೆ ಮೊದಲೇ ನೀರು ಹಾಕಿದರೆ ಕೆಸರಾಗುತ್ತದೆ, ಅಷ್ಟೇ. ಸೀಲಿಂಗ್ ಫ್ಯಾನ್‌ಗೆ ಹಳೇ ದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ. ಮನೆಯ ಫ್ರಿಜ್ ಇದ್ದರೆ ಹಿಂದಿನ ದಿನವೇ ಆಫ್ ಮಾಡಿ, ಒರೆಸಿ, ಬಾಗಿಲು ತೆರೆದಿಡಿ.

ನಾನು ಒಳಗೆ ಬಂದ ತಕ್ಷಣ ನೋಡುವುದು ನೆಲವನ್ನಲ್ಲ. ಮೊದಲು ವಾಸನೆ. ಆಮೇಲೆ ಕಪಾಟಿನ ಒಳಗೆ, ಸಿಂಕ್ ಕೆಳಗೆ, ಬಾಗಿಲ ಹಿಂದೆ, ಸ್ವಿಚ್ ಬೋರ್ಡ್ ಸುತ್ತ. ಬಾತ್‌ರೂಮ್ ಜಾಲಿಯ ಕೂದಲು ತೆಗೆದಿದ್ದರೆ ಅರ್ಧ ಮನಸ್ಸು ಅಲ್ಲೇ ಗೆದ್ದಂತೆ. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಸವೆದ ನೆಲ, ಸಡಿಲವಾದ ಬಾಗಿಲ ತಿರುಗಣಿ, ಇವು ವಾಸ ಮಾಡಿದ ಮನೆಯಲ್ಲಿ ಇರುವಂಥವೇ. ಇದಕ್ಕೆ ದುಡ್ಡು ಕೇಳುವುದು ನ್ಯಾಯ ಅಲ್ಲ. ನೀವೂ ಅದನ್ನು ಸರಿಮಾಡಲು ಹೋಗಬೇಡಿ.

ಬ್ರಷ್_ರೋಲರ್:

ಮೊಳೆ ತೂತು, ಕ್ರೆಯಾನ್ ನನ್ನ ಪಾಲಿಗಿರಲಿ. ಪೇಂಟಿಂಗ್ ಕೆಲಸದಲ್ಲಿದ್ದೇನೆ.

ಓನರ್ ಪೇಂಟ್ ಮಾಡಿಸುತ್ತಾರಾ ಅಂತ ಮೊದಲು ಕೇಳಿ. ಮಾಡಿಸುವುದಾದರೆ ತೂತಿಗೆ ಪುಟ್ಟಿ ತುಂಬಿ ಬಿಟ್ಟರೆ ಸಾಕು. ಟೂತ್‌ಪೇಸ್ಟ್ ತುಂಬುವ ಬುದ್ಧಿವಂತಿಕೆ ಬೇಡ, ಒಣಗಿ ಕುಗ್ಗುತ್ತದೆ. ಪುಟ್ಟಿಯೂ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ಗೋಡೆಗಿಂತ ಚೂರು ಉಬ್ಬಿಸಿ ತುಂಬಿ, ಒಣಗಿದ ಮೇಲೆ 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಸಮ ಮಾಡಿ. ಪೇಂಟ್ ಮಾಡಿಸುವುದಿಲ್ಲ ಅಂದರೂ ತೂತಿನ ಮೇಲೆ ಮಾತ್ರ ಬಣ್ಣ ಮುಟ್ಟಿಸಬೇಡಿ. ಅದೇ ಡಬ್ಬದ ಬಣ್ಣ ಆದರೂ ಹಳೇ ಗೋಡೆ ಮಾಸಿರುತ್ತದೆ. ಚಿರತೆ ಮೈ ಥರ ಕಾಣುತ್ತದೆ. ಬಳಿದರೆ ಮೂಲೆಯಿಂದ ಮೂಲೆಗೆ ಇಡೀ ಗೋಡೆ ಬಳಿಯಬೇಕು.

ಕ್ರೆಯಾನ್ ಅಂದರೆ ಮೇಣ. ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಹಾಗಾಗಿ "ಹೇಗೂ ಪೇಂಟ್ ಮಾಡಿಸ್ತಾರೆ" ಅಂದರೂ ಅದನ್ನು ತೆಗೆಯಲೇಬೇಕು. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಸೋಪು ನೀರಿನ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ, ಇಲ್ಲದಿದ್ದರೆ ಬಣ್ಣ ಹರಡುತ್ತದೆ. ಬಿಳಿ ಮೆಲಮೈನ್ ಸ್ಪಾಂಜ್ ಬರುತ್ತದಲ್ಲ, ಅದು ಕೆಲಸ ಮಾಡುತ್ತದೆ. ಆದರೆ ಅದು ನಯವಾದ ಸ್ಯಾಂಡ್ ಪೇಪರ್ ಇದ್ದ ಹಾಗೇ. ಮ್ಯಾಟ್ ಪೇಂಟ್ ಮೇಲೆ ಜಾಸ್ತಿ ಉಜ್ಜಿದರೆ ಅಷ್ಟು ಜಾಗ ಮಾತ್ರ ಮಿನುಗುತ್ತದೆ. ಬಾಗಿಲ ಹಿಂದೆ ಎಲ್ಲಾದರೂ ಮೊದಲು ಪರೀಕ್ಷೆ ಮಾಡಿ.

ಅರ್ಧ_ಪ್ಯಾಕಿಂಗ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಈಗಷ್ಟೇ ನೋಡಿದೆ, ಬೂಷ್ಟು ಬೀರುವಿನ ಆಕಾರಕ್ಕೇ ಇದೆ, ಬಣ್ಣ ಉಬ್ಬಿಲ್ಲ. ಫೋಟೋ ತೆಗೆದು ಕಳಿಸಿದೆ. ಒಂದೇ ಒಂದು ಡೌಟು. ಬಾತ್‌ರೂಮಿನ ಹೊಸಿಲು ಮಾರ್ಬಲ್. ಅದರ ಮೇಲೂ ಬಿಳಿ ಕಲೆ ಇದೆ. ಅಲ್ಲಿಗೂ ವಿನೆಗರ್ ಹಾಕಬಹುದಾ?

ಕೀಗೊಂಚಲು:

ಬೇಡವೇ ಬೇಡ. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ವಿನೆಗರ್‌ಗೆ ಕಲೆ ಯಾವುದು ಕಲ್ಲು ಯಾವುದು ಗೊತ್ತಾಗುವುದಿಲ್ಲ, ಎರಡನ್ನೂ ಕರಗಿಸುತ್ತದೆ. ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಶವರ್‌ನಿಂದ ಕವರ್ ತೆಗೆಯುವಾಗ ಹೊಸಿಲ ಮೇಲೆ ಚೆಲ್ಲದ ಹಾಗೆ ನೋಡಿಕೊಳ್ಳಿ. ಅಲ್ಲಿ ಸೋಪು ನೀರು, ಮೆತ್ತನೆ ಬಟ್ಟೆ ಅಷ್ಟೇ. ಕಲೆ ಉಳಿದರೆ ಉಳಿಯಲಿ. ಪಾಲಿಶ್ ಮಾಡುವವರು ಬಂದರೆ ಅದು ಹೋಗುತ್ತದೆ.

ಇನ್ನೊಂದು, ಕೀ ಕೊಡುವ ಮುಂಚೆ ಪ್ರತಿ ಜಾಲಿಗೂ ಒಂದು ಚೊಂಬು ನೀರು ಹಾಕಿ. ಜಾಲಿ ಕೆಳಗೆ ಟ್ರ್ಯಾಪ್ ಇರುತ್ತದೆ, ಅಂದರೆ ನೀರು ನಿಂತು ವಾಸನೆ ತಡೆಯುವ ಬಾಗು. ಖಾಲಿ ಮನೆಯಲ್ಲಿ ಆ ನೀರು ಆರಿಹೋಗಿ ಚರಂಡಿ ವಾಸನೆ ಮೇಲೆ ಬರುತ್ತದೆ. ನೀವು ಅಷ್ಟು ತೊಳೆದಿದ್ದರೂ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ.