ತುರ್ತಾಗಿ ಪದ ಬೇಕಿತ್ತು: ಕಾಮಗಾರಿಗೆ ಮುಂಚಿನ ‘ಬೇಸ್‌ಲೈನ್’ ಸದ್ದು

ಕರಡು ತಿದ್ದುವವಳು:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾದ ಒಂದು ಫಲಕ, ಒಂದು ಕರಪತ್ರ ಕೈಯಲ್ಲಿವೆ. ಕಟ್ಟಡದ ಕೆಲಸ ಶುರುವಾಗುವ ಮೊದಲು ಅಕ್ಕಪಕ್ಕದ ಮನೆಗಳ ಹತ್ತಿರ ಸದ್ದು ಎಷ್ಟಿದೆ ಅಂತ ಒಂದು ವಾರ ಅಳೆದಿಡುತ್ತಾರೆ. ಆಮೇಲೆ ಯಂತ್ರಗಳು ಬಂದು, ‘ಗದ್ದಲ ಜಾಸ್ತಿಯಾಯಿತು’ ಎಂದು ಯಾರಾದರೂ ದೂರಿದರೆ, ಯಾವುದಕ್ಕಿಂತ ಜಾಸ್ತಿ ಅನ್ನುವುದಕ್ಕೆ ಒಂದು ಲೆಕ್ಕ ಬೇಕಲ್ಲ, ಅದಕ್ಕೆ. ಕೆಲಸ ಶುರುವಾಗಿಬಿಟ್ಟರೆ ಮೊದಲು ಹೇಗಿತ್ತು ಅಂತ ಅಳೆಯುವ ದಾರಿಯೇ ಇಲ್ಲ.

ಇಂಗ್ಲಿಷ್ ಕರಡಿನಲ್ಲಿ ‘ಬೇಸ್‌ಲೈನ್ ನಾಯ್ಸ್ ಲೆವೆಲ್’ ಎಂದಿದೆ. ನನಗೆ ಹೊಳೆದದ್ದು: ಮೂಲ ಶಬ್ದಮಟ್ಟ, ಬುನಾದಿ ಶಬ್ದಮಟ್ಟ, ತಳಮಟ್ಟದ ಶಬ್ದ, ಹಿನ್ನೆಲೆ ಶಬ್ದ. ಒಂದೂ ನಾಲಗೆಗೆ ಒಗ್ಗುತ್ತಿಲ್ಲ. ಫಲಕವನ್ನು ಮೈಕ್ ಹೊತ್ತ ಮೂರು ಕಾಲಿನ ಸ್ಟ್ಯಾಂಡಿನ ಪಕ್ಕ ನಿಲ್ಲಿಸುತ್ತಾರೆ. ನಡೆದು ಹೋಗುವವರು ನಿಲ್ಲದೆ ಓದಿಕೊಳ್ಳುವಂತಿರಬೇಕು. ದಯವಿಟ್ಟು ಬೇಗ.

ಹಳೆ ಮೇಷ್ಟ್ರು:

ಬುನಾದಿ ಬೇಡವೇ ಬೇಡ. ಫಾರಸಿಯಿಂದ ಬಂತು ಅಂತಲ್ಲ. ಕಟ್ಟಡದ ಜಾಗದಲ್ಲಿ ‘ಬುನಾದಿ ಶಬ್ದ’ ಎಂದು ಬರೆದರೆ ಪಾಯ ತೋಡುವ ಶಬ್ದ ಅಂತಲೇ ಜನ ಓದುತ್ತಾರೆ. ತಳಪಾಯ, ಅಡಿಪಾಯಗಳಿಗೂ ಅದೇ ಗತಿ. ‘ಮೂಲ ಶಬ್ದ’ ಎಂದರೆ ಶಬ್ದ ಹುಟ್ಟುವ ಜಾಗದ ಕಡೆ ಮನಸ್ಸು ಹೋಗುತ್ತದೆ. ತಳಮಟ್ಟ ಎಂದರೆ ಅದಕ್ಕಿಂತ ಕೆಳಗೆ ಇನ್ನಿಲ್ಲ ಎಂದಾಯಿತು. ಇನ್ನು ‘ಶಬ್ದಮಟ್ಟ’ವೇ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ಸಲ್ಲದ ಜೋಡಿ, ಅದು ನಿಮ್ಮ ಕಿವಿಗೆ ಬೀಳಲಿಲ್ಲವೇ? ‘ಪೂರ್ವಸ್ಥಿತಿ ಶಬ್ದಮಾನ’ ಎಂದು ಹಾಕಿ ಮುಗಿಸಿ.

ನುಡಿಗ:

ಮೇಶ್ಟ್ರೇ, ‘ಪೂರ್ವಸ್ತಿತಿ ಶಬ್ದಮಾನ’ ಓದಿದವರು ಪಂಚಾಂಗದ ಪುಟ ಅಂದುಕೊಂಡಾರು. ಕನ್ನಡದ್ದೇ ಬೇರುಗಳು ಕಣ್ಣೆದುರಿಗೇ ಇವೆ. ಅಡಿ, ಮುನ್, ಅಳತೆ, ಸದ್ದು. ‘ಅಡಿಸದ್ದು’ ಅನ್ನಿ, ಇಲ್ಲವೇ ಅಳೆಯುವ ಕೆಲಸಕ್ಕೆ ‘ಮುನ್ನಳತೆ’ ಅನ್ನಿ. ಸಂಸ್ಕ್ರುತದ ಕದ ತಟ್ಟುವ ಮೊದಲು ನಮ್ಮ ಮನೆಯ ಅಟ್ಟ ನೋಡಬೇಕು.

ಸುಮ್ಮನೆ ಓದುವವಳು:

ಅಡಿಸದ್ದು ಅಂದರೆ ಹೆಜ್ಜೆ ಸಪ್ಪಳ ಅಲ್ಲವೇ? ರಾತ್ರಿ ಮನೆ ಪಕ್ಕ ‘ಅಡಿಸದ್ದು ಅಳೆಯಲಾಗುತ್ತಿದೆ’ ಎಂಬ ಫಲಕ ಕಂಡರೆ ನಾನಂತೂ ಕಳ್ಳನನ್ನು ಹಿಡಿಯೋಕೆ ಕೂತಿದ್ದಾರೆ ಅಂದುಕೊಳ್ಳುತ್ತೇನೆ.

ಹಳೆ ಮೇಷ್ಟ್ರು:

ಕಡೆಗೂ ಈ ಗುಂಪಿನಲ್ಲಿ ಕಿವಿಯಿರುವ ಒಬ್ಬರು ಸಿಕ್ಕಿದರು.

ಮೀಟರ್ ಹಿಡಿದವ:

ಸುಮ್ಮನಿರೋಣ ಅಂದುಕೊಂಡಿದ್ದೆ. ಈ ಕೆಲಸವನ್ನೇ ಮಾಡುವವನು ನಾನು. ಪದ ಹುಡುಕುವ ಮೊದಲು ಯಾವುದಕ್ಕೆ ಪದ ಬೇಕು ಅಂತ ಗೊತ್ತಿರಲಿ.

‘ಹಿನ್ನೆಲೆ ಶಬ್ದ’ವನ್ನು ಇಲ್ಲಿ ಹಾಕಲೇಬೇಡಿ, ಅದು ಬೇರೆಯದಕ್ಕೆ ಬೇಕು. ನಾವು ಎಲ್90 ಅಂತ ಒಂದು ಸಂಖ್ಯೆ ಬರೆದುಕೊಳ್ಳುತ್ತೇವೆ. ಒಂದು ಗಂಟೆ ಅಳೆದರೆ ಅದರಲ್ಲಿ 54 ನಿಮಿಷ ಸದ್ದು ಈ ಸಂಖ್ಯೆಗಿಂತ ಮೇಲಿರುತ್ತದೆ. ಅಂದರೆ ಲಾರಿ ಹೋಯಿತು, ನಾಯಿ ಬೊಗಳಿತು, ಎಲ್ಲ ಅಡಗಿದ ಮೇಲೂ ಉಳಿಯುವ ಗುಂಯ್ ಅನ್ನುವಿಕೆ. ಹಿನ್ನೆಲೆ ಅಂದರೆ ಅದು. ಎಲ್‌ಇಕ್ಯು ಅಂತ ಇನ್ನೊಂದಿದೆ, ಇಡೀ ಅವಧಿಯ ಸದ್ದಿನ ಶಕ್ತಿಯನ್ನೆಲ್ಲ ಸಮನಾಗಿ ಹರಡಿದರೆ ಬರುವುದು. ಒಂದೇ ಒಂದು ಲಾರಿ ಹಾದುಹೋದರೂ ಇದು ಜಿಗಿಯುತ್ತದೆ, ಎಲ್90 ಅಲ್ಲಾಡುವುದೂ ಇಲ್ಲ. ಕಾಮಗಾರಿಗೆ ಮುಂಚೆ ಎರಡನ್ನೂ ಅಳೆಯುತ್ತೇವೆ, ಹಗಲು, ಸಂಜೆ, ರಾತ್ರಿ ಬೇರೆ ಬೇರೆಯಾಗಿ, ರಜೆಯ ದಿನವನ್ನೂ ಸೇರಿಸಿ. ಇದೆಲ್ಲ ಸೇರಿದ್ದು ಬೇಸ್‌ಲೈನ್. ಹಿನ್ನೆಲೆ ಅದರ ಒಂದು ತುಂಡು. ತುಂಡಿನ ಹೆಸರನ್ನು ಇಡಿಗೆ ಇಟ್ಟರೆ ನಾಳೆ ವರದಿಯ ಕೋಷ್ಟಕ ತುಂಬುವಾಗ ಅಳುತ್ತೀರಿ.

ಹಾಗೆಯೇ ಎಲ್‌ಇಕ್ಯುಗೆ ‘ಸರಾಸರಿ’ ಅಂತ ಬರೆದೀರಿ, ಜೋಕೆ. ಅರ್ಧ ಗಂಟೆ 50 ಡೆಸಿಬೆಲ್, ಇನ್ನರ್ಧ ಗಂಟೆ 70 ಡೆಸಿಬೆಲ್ ಇದ್ದರೆ ಓದುಗರು 60 ಅಂತ ಲೆಕ್ಕ ಹಾಕುತ್ತಾರೆ. ನಿಜವಾದ ಉತ್ತರ 67. ಡೆಸಿಬೆಲ್ ಲಾಗರಿದಮ್ಮಿನ ಲೆಕ್ಕ, ನೇರ ಕೂಡಿಸಿ ಭಾಗಿಸಿದರೆ ಬರುವುದಲ್ಲ. 50ರ ಪಕ್ಕ ಇನ್ನೊಂದು 50 ಇಟ್ಟರೆ 53 ಆಗುತ್ತದೆಯೇ ಹೊರತು 100 ಅಲ್ಲ.

‘ಮುನ್ನಳತೆ’ಯೂ ನನಗೆ ಒಗ್ಗದು. ಮುನ್ಸೂಚನೆ, ಮುನ್ನೋಟ ಅಂದಾಗೆಲ್ಲ ಇನ್ನೂ ಬಾರದ್ದನ್ನು ಊಹಿಸುವುದು. ಯಂತ್ರ ಬಂದಮೇಲೆ ಎಷ್ಟು ಸದ್ದಾದೀತು ಅನ್ನುವ ಅಂದಾಜನ್ನೂ ಇದೇ ವರದಿಯಲ್ಲಿ ಕೊಡುತ್ತೇವೆ. ಮುನ್ನಳತೆ ಅಂದರೆ ಜನ ಅದನ್ನೇ ಅಂದುಕೊಳ್ಳುತ್ತಾರೆ. ಇದು ಊಹೆಯಲ್ಲ, ನಿಂತು ಅಳೆದದ್ದು.

ನುಡಿಗ:

‘ಮುನ್ನ’ ಅಂದರೆ ಮೊದಲು. ಮುನ್ನುಡಿ ಊಹೆಯೇ? ಮುನ್ನುಡಿ ಪುಸ್ತಕಕ್ಕೆ ಮೊದಲು ಬರುವುದು, ಮುನ್ನಳತೆ ಕೆಲಸಕ್ಕೆ ಮೊದಲು ಬರುವುದು. ಇಂತಾ ಸರಳ ಅರ್ತ ನಿಮಗೆ ತೊಡಕಾಗಿ ಕಂಡರೆ ಅದು ಪದದ ತಪ್ಪಲ್ಲ.

ಮೀಟರ್ ಹಿಡಿದವ:

ಮುನ್ನುಡಿಯನ್ನು ಎಲ್ಲರೂ ಪುಸ್ತಕ ಬರೆದು ಮುಗಿಸಿದ ಮೇಲೆ ಬರೆಯುತ್ತಾರೆ ಸ್ವಾಮಿ. ನಾವು ಹಾಗೆ ಅಳೆದರೆ ಕೆಲಸ ಕಳೆದುಕೊಳ್ಳುತ್ತೇವೆ.

ಹಳೆ ಮೇಷ್ಟ್ರು:

ವಿಷಯ ಎಲ್ಲೋ ಹೋಗುತ್ತಿದೆ. ನನ್ನ ಆಕ್ಷೇಪಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ‘ಶಬ್ದ’ ಸಂಸ್ಕೃತ, ‘ಮಟ್ಟ’ ಕನ್ನಡ. ವ್ಯಾಕರಣಕಾರ ಕೇಶಿರಾಜ ಇಂಥ ಸಮಾಸಕ್ಕೆ ಏನೆಂದಿದ್ದಾನೆ ಎಂದು ಇಲ್ಲಿರುವವರಿಗೆ ಹೇಳಬೇಕಿಲ್ಲ. ಅವನಿಗೂ ಮೊದಲು 12ನೇ ಶತಮಾನದಲ್ಲಿ ಕವಿ ನಯಸೇನ ತುಪ್ಪಕ್ಕೂ ಎಣ್ಣೆಗೂ ಬೆರಕೆ ಸಲ್ಲದು ಎಂದಿದ್ದಾನೆ. ಮಟ್ಟ ಬೇಕಿದ್ದರೆ ‘ಸದ್ದಿನ ಮಟ್ಟ’ ಎಂದು ಷಷ್ಠಿಯಲ್ಲಿ ಬಿಡಿಸಿ ಹೇಳಿ. ಶಬ್ದ ಬೇಕಿದ್ದರೆ ‘ಶಬ್ದಮಾನ’. ನಡುವೆ ಬೇರೆ ದಾರಿಯಿಲ್ಲ.

ನುಡಿಗ:

ನಯಸೇನ ಅಲ್ಲಿ ಹೇಳಿದ್ದು ತುಪ್ಪ, ಎಣ್ಣೆ ಅಂತಲ್ಲ. ‘ಗ್ರುತ’, ‘ತಯ್ಲ’ ಅಂತ. ಸಕ್ಕದ, ಅಂದರೆ ಸಂಸ್ಕ್ರುತ, ಬೆರಸಬೇಡಿ ಅನ್ನುವ ಪದ್ಯದಲ್ಲೇ ಎರಡು ಸಕ್ಕದ ಪದ! ತಾನೇ ಬೆರಸಿ ಬೆರಸಬೇಡಿ ಎಂದವನನ್ನು ಸಾಕ್ಶಿಗೆ ಕರೆಯಬೇಡಿ.

ಹಳೆ ಮೇಷ್ಟ್ರು:

ಋಕಾರವನ್ನೂ ಮಹಾಪ್ರಾಣವನ್ನೂ ಬಿಟ್ಟು ‘ಗ್ರುತ’ ಎಂದು ಬರೆಯುವವರಿಂದ ನಯಸೇನನ ಪಾಠ ಕೇಳುವ ವಯಸ್ಸಲ್ಲ ನನ್ನದು. ಅಂದಹಾಗೆ ನೀವು ಅಚ್ಚಗನ್ನಡವೆಂದು ಎದೆಗವಚಿಕೊಂಡಿರುವ ‘ಸದ್ದು’ ಶಬ್ದದ ತದ್ಭವ.

ನುಡಿಗ:

ಗೊತ್ತು. ತದ್ಬವ ಆದಮೇಲೆ ಅದು ನಮ್ಮದೇ, ಬಾಡಿಗೆ ಕಟ್ಟಬೇಕಿಲ್ಲ. ಪೂರ್ತಿ ನಮ್ಮದೇ ಬೇಕಿದ್ದರೆ ‘ಸಪ್ಪಳ’ ಇದೆ. ಚಪ್ಪಾಳೆ, ಸಪ್ಪಳ ಎರಡೂ ಒಂದೇ ಬೇರಿನವು ಅನ್ನುವುದು ನನ್ನ ಎಣಿಕೆ. ತಟ್ಟಿದರೆ ಆಗುವ ಸದ್ದೇ ಸಪ್ಪಳ. ಕಟ್ಟಡದ ಕೆಲಸಕ್ಕೆ ಇದಕ್ಕಿಂತ ಹೊಂದುವ ಪದ ಉಂಟೇ?

ಸುಮ್ಮನೆ ಓದುವವಳು:

ಸಪ್ಪಳ ಉತ್ತರ ಕರ್ನಾಟಕದಲ್ಲಿ ದಿನಬಳಕೆಯ ಮಾತು, ‘ಸಪ್ಪಳ ಮಾಡಬ್ಯಾಡ್ರಿ’ ಅಂತಾರೆ. ಆದರೆ ನನ್ನ ಕಿವಿಗೆ ಸಪ್ಪಳ ಅಂದರೆ ಬಳೆಯದ್ದು, ಪಾತ್ರೆಯದ್ದು, ಹೆಜ್ಜೆಯದ್ದು, ಬಿಡಿಬಿಡಿಯಾಗಿ ಕೇಳುವುದು. ಇಡೀ ಬೀದಿಗೆ ಹೊದ್ದುಕೊಂಡಿರುವುದಕ್ಕೆ ಸಪ್ಪಳ ಅನ್ನುತ್ತಾರಾ?

ಗದ್ದಲವೂ ಆಗದು. ಗದ್ದಲಕ್ಕೆ ಯಾರಾದರೊಬ್ಬ ತಪ್ಪಿತಸ್ಥ ಬೇಕು. ಕೆಲಸವೇ ಶುರುವಾಗಿಲ್ಲ, ಆಗಲೇ ಮನೆಯವರ ಮೇಲೆ ಹೊರಿಸಿದ ಹಾಗಾಗುತ್ತದೆ.

ಮೀಟರ್ ಹಿಡಿದವ:

ಈ ಮಾತು ಸರಿ. ಮೀಟರಿಗೆ ಕೋಗಿಲೆಯೂ ಒಂದೇ, ಕೊರೆಯುವ ಯಂತ್ರವೂ ಒಂದೇ. ಬೆಳಗಿನ ಜಾವ ಹಕ್ಕಿಗಳ ಕೂಗಿಗೇ ಸಂಖ್ಯೆ ಏರಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇಷ್ಟವಾದದ್ದು, ಇಷ್ಟವಿಲ್ಲದ್ದು ಅನ್ನುವ ತೀರ್ಪು ಈ ಹಂತದಲ್ಲಿ ಇಲ್ಲ. ‘ಸದ್ದು’ ಸಾಕು.

ಕರಡು ತಿದ್ದುವವಳು:

ನಯಸೇನರನ್ನು ಸ್ವಲ್ಪ ಹೊತ್ತು ಆಚೆ ಕೂರಿಸುತ್ತೀರಾ? ಇನ್ನೊಂದು ತೊಡಕು ಎದುರಾಗಿದೆ. ಕರಡಿನಲ್ಲಿ ‘ಶಬ್ದವನ್ನು ದಾಖಲಿಸಲಾಗುತ್ತಿದೆ’ ಎಂದು ಬರೆದಿದ್ದೆ. ಓದಿದ ಮೊದಲ ಮೂವರೂ ಕೇಳಿದ್ದು ಒಂದೇ: ‘ನಾವು ಜಗಲಿಯಲ್ಲಿ ಕೂತು ಆಡುವ ಮಾತೆಲ್ಲ ಇದರಲ್ಲಿ ಹೋಗುತ್ತದಾ?’ ‘ಧ್ವನಿ’ ಅಂತ ಹಾಕಿದರೆ ಇನ್ನೂ ಕೆಟ್ಟಿತು, ಧ್ವನಿಮುದ್ರಣ ಅಂದುಕೊಂಡರು.

ಮೀಟರ್ ಹಿಡಿದವ:

ಎಲ್ಲ ಕಡೆ ಇದೇ ಅನುಮಾನ. ಒಂದು ಮನೆಯಲ್ಲಿ ಅಜ್ಜಿ ಮೈಕಿಗೆ ಸೀರೆ ಸೆರಗು ಸುತ್ತಿಟ್ಟಿದ್ದರು, ಎರಡು ದಿನದ ಅಳತೆ ಹಾಳು. ‘ದಾಖಲು’ ತೆಗೆದುಹಾಕಿ, ‘ಅಳೆ’ ಅನ್ನಿ. ಅಳೆಯುವುದು ಅಂದರೆ ಎಷ್ಟು ಅನ್ನುವುದು ಮಾತ್ರ, ಏನು ಅನ್ನುವುದಲ್ಲ. ಥರ್ಮಾಮೀಟರ್ ಜ್ವರ ಅಳೆದ ಹಾಗೆ.

ಆದರೆ ‘ಮಾತು ಉಳಿಯುವುದಿಲ್ಲ’ ಎಂದು ಬರೆಯುವ ಮುಂಚೆ ನಿಮ್ಮ ತಂಡವನ್ನು ಕೇಳಿ. ಕೆಲವು ಮೀಟರುಗಳಲ್ಲಿ ಸದ್ದು ಒಂದು ಮಿತಿ ದಾಟಿದರೆ ಅದೇನೆಂದು ತಿಳಿಯಲು ಸಣ್ಣ ತುಣುಕನ್ನು ಮುದ್ರಿಸಿಕೊಳ್ಳುವ ಅನುಕೂಲ ಇರುತ್ತದೆ. ಅದನ್ನು ಆಫ್ ಮಾಡಿಟ್ಟಿದ್ದರೆ ಮಾತ್ರ ಆ ಸಾಲು ಬರೆಯಿರಿ.

ಇನ್ನೊಂದು. ಮೈಕ್ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ಕನಿಷ್ಠ 3.5 ಮೀಟರ್ ದೂರ ಇರುತ್ತದೆ. ಗೋಡೆಯಿಂದ ಒಂದೇ ಮೀಟರ್ ದೂರಕ್ಕೆ ತಂದರೆ ತಿರುಗಿ ಬಂದ ಸದ್ದು ಸೇರಿ ಸುಮಾರು 3 ಡೆಸಿಬೆಲ್ ಹೆಚ್ಚು ತೋರಿಸುತ್ತದೆ. ಜನ ಒಳ್ಳೆಯ ಮನಸ್ಸಿನಿಂದಲೇ ‘ಮಳೆಗೆ ನೆನೆಯುತ್ತೆ ಪಾಪ’ ಅಂತ ಸೂರಿನ ಕೆಳಗೆ ಎತ್ತಿಡುತ್ತಾರೆ. ‘ಮುಟ್ಟಬೇಡಿ’ ಅನ್ನುವುದಕ್ಕಿಂತ ‘ಜಾಗ ಕದಲಿಸಬೇಡಿ’ ಅನ್ನಿ.

ನುಡಿಗ:

‘ಡೆಸಿಬೆಲ್’ಗೂ ಕನ್ನಡದಲ್ಲೇ ಒಂದು ಪದ ಕಟ್ಟಬಹುದಿತ್ತು. ಡೆಸಿ ಅಂದರೆ ಹತ್ತರಲ್ಲೊಂದು ಪಾಲು.

ಹಳೆ ಮೇಷ್ಟ್ರು:

ಬೆಲ್ ಎಂಬುದು ಗ್ರಹಾಂ ಬೆಲ್ಲನ ಹೆಸರು. ಅದನ್ನು ‘ಗಂಟೆ’ ಮಾಡುತ್ತೀರೋ?

ಸುಮ್ಮನೆ ಓದುವವಳು:

‘ಹತ್ತಿಗಂಟೆ’. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಡಿ, ದಮ್ಮಯ್ಯ.

ಮೀಟರ್ ಹಿಡಿದವ:

ಕಾಮಗಾರಿ ಮರಾಠಿಯಿಂದ ಬಂತು, ಮೇಸ್ತ್ರಿ ಪೋರ್ಚುಗೀಸಿನಿಂದ ಬಂದ, ಸಿಮೆಂಟು ಇಂಗ್ಲಿಷಿನದು. ಇವರೆಲ್ಲ ಸೇರಿ ಮನೆ ಕಟ್ಟುತ್ತಿದ್ದಾರೆ, ಯಾರಿಗೂ ತೊಂದರೆ ಇಲ್ಲ. ನಮ್ಮ ಹುಡುಗರು ‘ಬೇಸ್‌ಲೈನ್ ಹಾಕಿ ಬಂದೆ’ ಅಂತಲೇ ಅನ್ನುವುದು. ವರದಿಯಲ್ಲಿ ಬೇಸ್‌ಲೈನ್ ಅಂತಲೇ ಇಟ್ಟರೆ ಏನು ಹೋಗುತ್ತದೆ?

ನುಡಿಗ:

ಏನು ಹೋಗುತ್ತದೆ ಎಂದು ಕೇಳುವವರಿಗೆ ಹೋದದ್ದು ಗೊತ್ತಾಗುವುದೇ ಇಲ್ಲ. ‘ಕಾಮಗಾರಿ’ ನಮ್ಮ ಬಾಯಿಗೆ ಪಳಗಿ ಬಂದದ್ದು. ಬೇಸ್‌ಲೈನ್ ಆಪೀಸಿನ ಕಡತದಿಂದ ನೆಗೆದದ್ದು.

ಹಳೆ ಮೇಷ್ಟ್ರು:

ಈ ಒಂದು ಮಾತಿಗೆ ನನ್ನ ಸಹಮತವಿದೆ. ‘ಆಪೀಸು’ ಎಂದು ಬರೆದದ್ದಕ್ಕೆ ಇಲ್ಲ.

ಕರಡು ತಿದ್ದುವವಳು:

ಫಲಕ ಅಚ್ಚಿಗೆ ಹೋಯಿತು. ತಂಡವನ್ನು ಕೇಳಿದೆ, ಮೀಟರಿನಲ್ಲಿ ಸದ್ದು ಮುದ್ರಿಸಿಕೊಳ್ಳುವ ಅನುಕೂಲ ಆಫ್ ಆಗಿಯೇ ಇದೆಯಂತೆ. ಕಡೆಗೆ ಹಾಕಿದ್ದು ಹೀಗೆ:

“ಕಟ್ಟಡದ ಕೆಲಸ ಶುರುವಾಗುವ ಮುಂಚೆ ಇಲ್ಲಿ ಸದ್ದು ಎಷ್ಟಿದೆ ಎಂದು ಅಳೆಯುತ್ತಿದ್ದೇವೆ. ಮಾತುಗಳನ್ನು ಉಳಿಸಿಕೊಳ್ಳುವುದಿಲ್ಲ. ದಯವಿಟ್ಟು ಇದರ ಜಾಗ ಕದಲಿಸಬೇಡಿ.”

ಬೇಸ್‌ಲೈನ್‌ಗೆ ಒಂದೇ ಪದ ಬೇಕು ಅಂತ ಹಟ ಹಿಡಿದದ್ದೇ ತಪ್ಪಾಗಿತ್ತು ಅನ್ನಿಸುತ್ತಿದೆ. ‘ಮುಂಚೆ’ ಅಂತ ವಾಕ್ಯದಲ್ಲಿ ಬಂದಮೇಲೆ ಹೆಸರಿನ ಅಗತ್ಯವೇ ಬೀಳಲಿಲ್ಲ. ಕರಪತ್ರದಲ್ಲಿ ಮಾತ್ರ ಹೆಸರು ಬೇಕಿತ್ತು, ಅಲ್ಲಿ ‘ಮುಂಚಿನ ಸದ್ದು’ ಎಂದು ಹಾಕಿ, ಎಲ್90 ಬಂದ ಕಡೆಗೆಲ್ಲ ‘ಹಿನ್ನೆಲೆ ಸದ್ದು’ ಉಳಿಸಿದ್ದೇನೆ. ಎಲ್ಲರಿಗೂ ಧನ್ಯವಾದ, ಜಗಳಕ್ಕೂ ಸೇರಿ.

ಹಳೆ ಮೇಷ್ಟ್ರು:

‘ಮುಂಚಿನ ಸದ್ದು’ ಆದೀತು. ವರದಿಯ ಕೋಷ್ಟಕಕ್ಕೆ ‘ಪೂರ್ವಸ್ಥಿತಿ’ ಇನ್ನೂ ಲಭ್ಯವಿದೆ.

ನುಡಿಗ:

ಮುನ್ನಳತೆಯೂ.

ಸುಮ್ಮನೆ ಓದುವವಳು:

ಪ್ರಶ್ನೆ: ‘ಸದ್ದು ಎಷ್ಟಿದೆ’ ಸರಿಯೋ, ‘ಸದ್ದು ಎಷ್ಟು ಇದೆ’ ಸರಿಯೋ? ಫಲಕದಲ್ಲಿ ಸಂಧಿ ಬಿಡಿಸಬೇಕು ಅಂತ ಎಲ್ಲೋ ಓದಿದ ನೆನಪು.

ಕರಡು ತಿದ್ದುವವಳು:

ಅಚ್ಚಾಗಿದೆ ಕಣ್ರೀ!