ಸಹಾಯ ಬೇಕು: ಜೆಟ್ ಸಿಮ್ಯುಲೇಶನ್‌ನಲ್ಲಿ ಲೊರೆಂಟ್ಸ್ ಗುಣಾಂಕ 6 ದಾಟುತ್ತಿಲ್ಲ
ಹುಬ್ಬಳ್ಳಿ-ಧಾರವಾಡದಾಗ ಪ್ಲೂಟೊ ಕೋಡ್ (ಖಗೋಳ ದ್ರವಗಳ ಹರಿವನ್ನು ಲೆಕ್ಕಹಾಕುವ ತಂತ್ರಾಂಶ) ಬಳಸಿದವರು ಯಾರಾದರೂ ಇದ್ದೀರೇನ್ರಿ?

ಅಕ್ಷಸಮ್ಮಿತಿಯ ತಣ್ಣನೆಯ ಜೆಟ್, ಅಂದರೆ ಬೆಳಕಿನ ವೇಗದ ಸಮೀಪ ಚಿಮ್ಮುವ, ಉಷ್ಣದ ಒತ್ತಡ ನಗಣ್ಯವಾದ ಕಾಂತೀಯ ಪ್ಲಾಸ್ಮಾ ಧಾರೆ. ಬುಡದಲ್ಲಿ ಗಾಮಾ (ಲೊರೆಂಟ್ಸ್ ಗುಣಾಂಕ; ವೇಗ ಬೆಳಕಿನದಕ್ಕೆ ಹತ್ತಿರವಾದಷ್ಟೂ ದೊಡ್ಡದು) 1, ಸಿಗ್ಮಾ (ಕಾಂತಶಕ್ತಿ ದ್ರವ್ಯದ ಶಕ್ತಿಯ ಎಷ್ಟು ಪಟ್ಟು ಎಂಬ ಅನುಪಾತ) 50. ಹಾಗಾಗಿ ಗಾಮಾ × (1 + ಸಿಗ್ಮಾ), ಅಂದರೆ ದ್ರವ್ಯರಾಶಿಯ ಏಕಮಾನಕ್ಕೆ ಒಟ್ಟು ಶಕ್ತಿ, ಪ್ರತಿ ಕ್ಷೇತ್ರರೇಖೆಯ ಉದ್ದಕ್ಕೂ 51 ಇರಲೇಬೇಕು. ಬುಡದ ತ್ರಿಜ್ಯದ 300 ಪಟ್ಟು ದೂರದಲ್ಲಿ ಅದು 38ಕ್ಕೆ ಕುಸಿಯುತ್ತಿದೆ. ರೇಖೆಗಳು ನೇರ ಕಿರಣಗಳಂತೆ ಹರಡಿದ್ದರೆ ಗಾಮಾ 51ರ ಘನಮೂಲ, ಅಂದರೆ 3.7ರ ಆಸುಪಾಸು ನಿಲ್ಲುವುದು ಸಹಜ. ಆದರೆ ಇಲ್ಲಿ ಜೆಟ್ಟನ್ನು ಸುತ್ತುವರಿದ ಗೋಡೆ ಪರವಲಯದ್ದು. ಒಳಗಿನ ರೇಖೆಗಳು ಅಕ್ಷದತ್ತ ಒತ್ತಿಕೊಂಡಂತೆ ಹೊರಗಿನವು ಸಡಿಲಾಗಿ, ಕಾಂತಶಕ್ತಿ ಚಲನಶಕ್ತಿಯಾಗಿ, ಗಾಮಾ 25ರತ್ತ ಏರಬೇಕು.

ಅನುಮಾನ ಸಾಂದ್ರತೆಯ ಕನಿಷ್ಠ ಮಿತಿಯ ಮೇಲೆ (ಸಾಂದ್ರತೆ ಇದಕ್ಕಿಂತ ಇಳಿದರೆ ಕೋಡ್ ತಾನೇ ದ್ರವ್ಯ ತುಂಬುತ್ತದೆ): ಅಲ್ಲಿ ಸೇರುವ ಹುಸಿ ದ್ರವ್ಯವೇ ಜೆಟ್ಟಿಗೆ ಭಾರವಾಗುತ್ತಿದೆ. ಮಿತಿ ಇಳಿಸಿದರೆ ಅಕ್ಷದ ಬಳಿ ಒತ್ತಡ ಋಣವಾಗಿ ಓಟ ನಿಲ್ಲುತ್ತದೆ. ಗ್ರಿಡ್ ಕೋಶಗಳ ನಡುವಿನ ಹರಿವು ಲೆಕ್ಕಹಾಕಲು ಎಚ್‌ಎಲ್‌ಎಲ್‌ಡಿ ವಿಧಾನ ಬಿಟ್ಟು, ಅದಕ್ಕಿಂತ ಒರಟಾದ ಎಚ್‌ಎಲ್‌ಎಲ್ ಹಾಕಿದರೂ ಅಷ್ಟೇ. ಸಿಗ್ಮಾ ಇಷ್ಟಿರುವಾಗ ಮಿತಿಯನ್ನು ಕಾಂತಕ್ಷೇತ್ರದ ವರ್ಗಕ್ಕೆ ಎಷ್ಟು ಅನುಪಾತದಲ್ಲಿ ಕಟ್ಟುತ್ತೀರಿ? ಬುಡದ ತ್ರಿಜ್ಯಕ್ಕೆ ಎಷ್ಟು ಕೋಶ ಇಡುತ್ತೀರಿ?