ಮೂರು ಕಡೆ ಥೆರಪಿ, ಮೂರು ಥರ ಹೋಮ್‌ವರ್ಕ್: ಇದನ್ನೆಲ್ಲ ಜೋಡಿಸುವುದು ಹೇಗೆ?

ನಾಗರಭಾವಿ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 2 ವರ್ಷ 3 ತಿಂಗಳು. 32 ವಾರಕ್ಕೇ ಹುಟ್ಟಿದವನು. 19 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿದ್ದ. ನಡೆದಿದ್ದು 20 ತಿಂಗಳಿಗೆ. ಮಾತು ಇನ್ನೂ ಐದಾರೇ: ಅಮ್ಮ, ತಾ, ಬಾ, ಕಾಗೆ ಕಂಡರೆ ಕಾಕಾ. ಬೆಳವಣಿಗೆ ನಿಧಾನ ಇದೆ, ಈಗಲೇ ಶುರು ಮಾಡಿದರೆ ಒಳ್ಳೆಯದು ಅಂತ ಡಾಕ್ಟರು ಮೂರು ಥೆರಪಿ ಬರೆದುಕೊಟ್ಟರು. ನಾವು ಒಂದು ದಿನವೂ ತಡ ಮಾಡಲಿಲ್ಲ.

ಮಂಗಳವಾರ ವಿಜಯನಗರದಲ್ಲಿ ಸ್ಪೀಚ್. ಗುರುವಾರ ರಾಜಾಜಿನಗರದಲ್ಲಿ ಓಟಿ, ಅಂದರೆ ಕೈ ಕೆಲಸ, ಊಟದಂಥ ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ. ಶನಿವಾರ ಜಯನಗರದಲ್ಲಿ ಫಿಸಿಯೋ. ಮೂವರೂ ಒಳ್ಳೆಯವರೇ, ಮಗನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಆದರೆ ಒಬ್ಬರು ಏನು ಮಾಡಿಸುತ್ತಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರಿಗೂ ಎಲ್ಲವನ್ನೂ ನಾನೇ ಹೇಳಬೇಕು. ಪೀಣ್ಯದಲ್ಲಿ ನನಗೆ ಅಕೌಂಟ್ಸ್ ಕೆಲಸ. ತಿಂಗಳ ಕೊನೆಯಲ್ಲಿ ನಾನು ಹೋಗಲು ಆಗದೆ ಅತ್ತೆ ಕರೆದುಕೊಂಡು ಹೋದರೆ, ಅಲ್ಲಿ ಏನು ಹೇಳಿದರು ಅನ್ನುವುದು ಅರ್ಧ ಮಾತ್ರ ನನಗೆ ತಲುಪುತ್ತದೆ.

ಊಟದ ವಿಷಯವನ್ನೇ ತೆಗೆದುಕೊಳ್ಳಿ. ಅವನು ಸದ್ದು ಮಾಡಿ ಕೇಳುವವರೆಗೂ ಕೊಡಬೇಡಿ, ಕಾಯಿರಿ ಅನ್ನುತ್ತಾರೆ ಸ್ಪೀಚ್‌ನವರು. ಊಟದ ಹೊತ್ತಿನಲ್ಲಿ ಒತ್ತಾಯ ಬೇಡ, ಅನ್ನ ಮುಟ್ಟಲಿ, ಕಲಸಲಿ, ಕುರ್ಚಿಯಲ್ಲಿ ಕೂರಿಸಿ ಅನ್ನುತ್ತಾರೆ ಓಟಿಯವರು. ಫಿಸಿಯೋದವರು ಕುರ್ಚಿ ಬೇಡ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಸಿ ಅನ್ನುತ್ತಾರೆ. ಫ್ರಿಜ್ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಈಗ 14 ಅಭ್ಯಾಸಗಳಿವೆ. ಮೊನ್ನೆ ಅತ್ತೆ ಅದರ ಮುಂದೆ ನಿಂತು, "ನಾನು ಮೊಮ್ಮಗನನ್ನ ಸುಮ್ನೆ ಎತ್ತಿಕೊಳ್ಳೋದು ಯಾವಾಗಮ್ಮ?" ಅಂದರು. ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೂ ಒಂದು ಇದೆ. ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಮಾತಾಡಿ, ಇಲ್ಲದಿದ್ದರೆ ಅವನಿಗೆ ಗೊಂದಲ ಆಗುತ್ತದೆ ಅಂತ ಒಬ್ಬರು ಹೇಳಿದ್ದಾರೆ. ಅತ್ತೆ ತುರುವೇಕೆರೆ ಕಡೆಯವರು. ಅವರಿಗೆ ಬರುವುದು ಕನ್ನಡ ಮಾತ್ರ. ಅವರು ಮಗುವಿನ ಹತ್ತಿರ ಬಾಯಿ ಮುಚ್ಚಿಕೊಂಡಿರಬೇಕಾ?

ಈ ಮೂವರನ್ನೂ ಒಂದೇ ದಾರಿಗೆ ತರುವುದು ಹೇಗೆ? ಎಲ್ಲವೂ ಒಂದೇ ಕಡೆ ಸಿಗುವ ಜಾಗ ಇದೆಯಾ? ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ.

ಯಲಹಂಕದ ಅಪ್ಪ

ಮೇಡಂ, ನಿಮ್ಮ ಫ್ರಿಜ್ ಪಟ್ಟಿ ಓದಿ ನಮ್ಮ ಮನೆಯ ಹಳೇ ದಿನಗಳು ಕಣ್ಣ ಮುಂದೆ ಬಂದವು. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟ. ಈಗ ಎಂಟು ವರ್ಷ, ಶಾಲೆಗೆ ಹೋಗುತ್ತಾಳೆ.

ಅವಳಿಗೆ ಮೂರು ವರ್ಷ ಇದ್ದಾಗ ಕಾಲಿಗೆ ಎಎಫ್‌ಓ ಮಾಡಿಸಿದೆವು, ಪಾದ ನೇರವಾಗಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಅದನ್ನು ಹಗಲೆಲ್ಲ ಹಾಕಿರಬೇಕು ಅಂತ ಫಿಸಿಯೋದವರು ಹೇಳಿದ್ದರು. ಇನ್ನೊಂದು ಸೆಂಟರ್‌ನಲ್ಲಿ ನೆಲದ ಮೇಲೆ ಆಟ ಆಡಿಸಲು ಅದನ್ನು ಬಿಚ್ಚಿಸುತ್ತಿದ್ದರು. ಆಟ ಮುಗಿದ ಮೇಲೆ ಮತ್ತೆ ಹಾಕುತ್ತಿರಲಿಲ್ಲ. ಬಿಡಲು ಹೋಗುತ್ತಿದ್ದವನು ನಾನು, ಕರೆತರುತ್ತಿದ್ದವಳು ನನ್ನ ಹೆಂಡತಿ. ಹೀಗಾಗಿ ಇಬ್ಬರಿಗೂ ಗೊತ್ತಾಗಲಿಲ್ಲ. ಎರಡು ತಿಂಗಳು ಹೀಗೇ ಹೋಯಿತು. ಅವಳು ಮತ್ತೆ ತುದಿಗಾಲಲ್ಲಿ ನಡೆಯಲು ಶುರು ಮಾಡಿದಾಗಲೇ ನಮಗೆ ತಿಳಿದಿದ್ದು. ಇದರಲ್ಲಿ ಯಾರೂ ಬೇಕಂತ ತಪ್ಪು ಮಾಡಿರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿರಲಿಲ್ಲ ಅಷ್ಟೇ. ಮಗಳು ಕಷ್ಟಪಟ್ಟು ಕಲಿತಿದ್ದು ಅಷ್ಟಕ್ಕೇ ಹೋಯಿತು.

ಆವತ್ತೇ 200 ಪುಟದ ಒಂದು ಲಾಂಗ್ ನೋಟ್‌ಬುಕ್ ತಂದೆ. ಎಡಗಡೆ ಪುಟದಲ್ಲಿ ಥೆರಪಿಸ್ಟ್ ಅವರ ಕೈಯಿಂದಲೇ ಎರಡು ಸಾಲು: ಇವತ್ತು ಏನು ಮಾಡಿಸಿದೆ, ಮನೆಯಲ್ಲಿ ಏನು ಮಾಡಬೇಕು. ಬಲಗಡೆ ಮನೆಯಲ್ಲಿ ನಿಜವಾಗಿ ಏನಾಯಿತು ಅಂತ ನಾವು ಬರೆಯುವುದು. ಆಗದಿದ್ದರೆ ಆಗಲಿಲ್ಲ ಅಂತಲೇ ಬರೆಯಿರಿ. ಎಲ್ಲ ಕಡೆಗೂ ಅದೇ ಪುಸ್ತಕ ಹೋಗಬೇಕು. ಸೆಷನ್ ಶುರುವಾಗುವ ಮೊದಲು ಹಿಂದಿನ ಪುಟ ಓದಿ ಅಂತ ಕೈ ಮುಗಿದು ಕೇಳಿ. ಮೊದಮೊದಲು ಒಬ್ಬರು ಟೈಮ್ ಇಲ್ಲ ಅಂದರು. ಒಂದು ತಿಂಗಳಾದ ಮೇಲೆ ಅವರೇ ಪುಸ್ತಕ ಎಲ್ಲಿ ಅಂತ ಕೇಳತೊಡಗಿದರು.

ಆಮೇಲೆ ಮೂರು ತಿಂಗಳಿಗೊಮ್ಮೆ ಮೂವರನ್ನೂ 20 ನಿಮಿಷ ಒಂದೇ ಫೋನ್ ಕಾಲ್‌ಗೆ ತರುತ್ತಿದ್ದೆ. ನನ್ನ ಪ್ರಶ್ನೆ ಒಂದೇ: ಮುಂದಿನ ಮೂರು ತಿಂಗಳಲ್ಲಿ ಇವಳು ಯಾವ ಎರಡು ಕೆಲಸ ಕಲಿತರೆ ಇವಳ ದಿನ ಸುಲಭ ಆಗುತ್ತೆ? ಮೊದಲ ಸಲ ಅವರು ಒಪ್ಪಿಕೊಂಡಿದ್ದು, ತಾನೇ ಲೋಟ ಹಿಡಿದು ನೀರು ಕುಡಿಯುವುದು ಮತ್ತು ಬಚ್ಚಲಮನೆ ಬೇಕು ಅಂತ ಕೈ ತೋರಿಸಿ ಹೇಳುವುದು. ಉಳಿದ ಪಟ್ಟಿಯನ್ನು ಅವರೇ ಹೊಡೆದು ಹಾಕಿದರು.

ಒಂದೇ ಕಡೆ ಸಿಗುತ್ತಾ ಅಂತ ಕೇಳಿದಿರಿ. ಆರ್‌ಬಿಎಸ್‌ಕೆ ಅಂತ ಸರ್ಕಾರದ ಕಾರ್ಯಕ್ರಮ 2013ರಿಂದ ಇದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರ ಕೆಳಗೆ ಡಿಇಐಸಿ ಎನ್ನುವ ಕೇಂದ್ರಗಳಿವೆ, ಮಕ್ಕಳ ತೊಂದರೆಗೆ ಬೇಗನೆ ನೆರವು ಶುರು ಮಾಡುವ ಜಿಲ್ಲಾ ಕೇಂದ್ರಗಳು. ಮಕ್ಕಳ ಡಾಕ್ಟರು, ಫಿಸಿಯೋ, ಕಿವಿ ಮತ್ತು ಮಾತಿನ ತಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ, ಖರ್ಚಿಲ್ಲದೆ ಸಿಗಬೇಕು ಅನ್ನುವುದು ಅದರ ಉದ್ದೇಶ. ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆ ಮೂಲಕ ಚೀಟಿ ಮಾಡಿಸಿಕೊಳ್ಳಿ. ಹೋಗುವ ಮೊದಲು ಯಾವ ದಿನ ಯಾರು ಇರುತ್ತಾರೆ ಅಂತ ಫೋನ್ ಮಾಡಿ ಕೇಳಿ. ಸಂಸ್ಥೆಗಳಲ್ಲಿ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಮತ್ತು ಅಂಗವಿಕಲರಿಗಾಗಿ ಕೆಲಸ ಮಾಡುವ ಲಿಂಗರಾಜಪುರದ ಎಪಿಡಿಯಲ್ಲೂ ವಿಚಾರಿಸಿ.

ನಿವೃತ್ತ ವಿಶೇಷ ಶಿಕ್ಷಕಿ, ಮಲ್ಲೇಶ್ವರ

ಅಮ್ಮಾ, ಮೊದಲು ಭಾಷೆ ವಿಷಯ. ನಿಮ್ಮ ಅತ್ತೆ ಮಾತಾಡಲಿ, ಎಷ್ಟು ಬೇಕೋ ಅಷ್ಟು ಮಾತಾಡಲಿ. ಎರಡು ಭಾಷೆ ಕೇಳಿಸಿಕೊಂಡರೆ ಮಗುವಿಗೆ ಮಾತು ತಡ ಆಗುತ್ತದೆ ಎನ್ನುವುದು ಸರಿಯಲ್ಲ. ಮಗು ಮಾತು ಕಲಿಯುವುದು ತನ್ನ ಜೊತೆ ದಿನವಿಡೀ ಇರುವವರಿಂದ. ಅವರ ಬಾಯಲ್ಲಿ ಸರಾಗವಾಗಿ ಬರುವ ಭಾಷೆಯೇ ಅವನಿಗೆ ಬೇಕು. ಅಜ್ಜಿಯ ಕನ್ನಡ ಕಿತ್ತುಕೊಂಡರೆ ಆ ಮಗುವಿಗೆ ದಿನಕ್ಕೆ ಎಂಟು ಗಂಟೆಯ ಮಾತು ನಷ್ಟ. ಕಾಕಾ ಅಂದಾಗ "ಹೌದು ಪುಟ್ಟ, ಕಾಗೆ ಬಂತು, ಕಾಗೆ ಹಾರಿತು" ಅನ್ನಲಿ. ಅದೇ ಥೆರಪಿ. ಇದನ್ನು ನಿಮ್ಮ ಸ್ಪೀಚ್ ಥೆರಪಿಸ್ಟ್‌ಗೂ ಧೈರ್ಯವಾಗಿ ಹೇಳಿ. ಕನ್ನಡದ ಪದಗಳನ್ನೇ ಗುರಿಯಾಗಿ ಇಟ್ಟುಕೊಡಿ ಅಂತ ಕೇಳಿ.

ಎರಡನೆಯದು, ಕಿವಿ. ನೀವು ಬರೆದಿದ್ದರಲ್ಲಿ ಕಿವಿ ಪರೀಕ್ಷೆಯ ಮಾತೇ ಇಲ್ಲ. ಬೇಗ ಹುಟ್ಟಿ ಎನ್‌ಐಸಿಯುನಲ್ಲಿ ಇದ್ದ ಮಕ್ಕಳಲ್ಲಿ ಕೇಳಿಸುವ ತೊಂದರೆ ಹೆಚ್ಚು. ಹುಟ್ಟಿದಾಗ ಪಾಸ್ ಆಗಿದೆ ಅಂತ ಬಿಡಬೇಡಿ. ಬೆರಾ ಅಂತ ಒಂದು ಪರೀಕ್ಷೆ ಇದೆ. ಮಗು ಮಲಗಿದ್ದಾಗ ತಲೆಗೆ ಪುಟ್ಟ ತಂತಿ ಅಂಟಿಸಿ ನೋಡುತ್ತಾರೆ, ನೋವಿಲ್ಲ. ಕಣ್ಣನ್ನೂ ಒಮ್ಮೆ ತೋರಿಸಿ. ಕೇಳಿಸದ ಮಗುವಿಗೆ ವರ್ಷಗಟ್ಟಲೆ ಸ್ಪೀಚ್ ಥೆರಪಿ ಮಾಡಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಟ್ಟಿಗೆ ನೋಡುತ್ತಾರೆ. ಬೆಂಗಳೂರಿನಿಂದ ಹೋಗಿ ಬರುವುದು ಕಷ್ಟವಲ್ಲ.

ಇನ್ನು ಊಟ. ಮೂವರು ಹೇಳಿದ್ದೂ ಒಂದೇ ತಟ್ಟೆಯ ಮುಂದೆ ಸೇರುತ್ತದೆ. ಅವನಿಗೆ ಪಾದ ನೆಲಕ್ಕೆ ಊರುವಂಥ ಗಿಡ್ಡ ಕುರ್ಚಿ ಇರಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಆಟದ ಹೊತ್ತಿಗೆ. ಆದರೂ ಫಿಸಿಯೋದವರಿಗೆ ಕುರ್ಚಿಯಲ್ಲಿ ಕೂತ ಫೋಟೋ ತೋರಿಸಿ ಕೇಳಿಬಿಡಿ. ಮೊದಲ ನಾಲ್ಕು ತುತ್ತು ಅವನ ಕೈಗೇ ಬಿಡಿ, ಕಲಸಲಿ, ಚೆಲ್ಲಲಿ. ಆಮೇಲೆ ನೀರಿನ ಲೋಟ ಅವನ ಕಣ್ಣಿಗೆ ಕಾಣುವ ಹಾಗೆ ಹಿಡಿದು ಮನಸ್ಸಿನಲ್ಲೇ ಐದು ಎಣಿಸಿ. ಸದ್ದು ಬಂದರೆ ಸಂತೋಷ. ಬರದಿದ್ದರೆ "ನೀರು" ಅಂತ ನೀವೇ ಹೇಳಿ, ಕೊಟ್ಟುಬಿಡಿ. ಕಾಯುವುದು ಅಂದರೆ ಅಷ್ಟೇ. ಹಸಿದ ಮಗುವಿಗೆ ಅನ್ನ ನೀರು ತಡೆಹಿಡಿಯಬಾರದು.

14 ಅಭ್ಯಾಸ ಯಾವ ಮನೆಯಲ್ಲೂ ನಡೆಯುವುದಿಲ್ಲ. ಸ್ನಾನ, ಊಟ, ಚಪ್ಪಲಿ ಹಾಕಿಕೊಳ್ಳುವುದು, ಈ ಮೂರರ ಒಳಗೆ ಏನು ಸೇರುತ್ತದೋ ಅದನ್ನು ಮಾಡಿ. ಉಳಿದ ಹೊತ್ತು ಅತ್ತೆ ಅವನನ್ನು ಸುಮ್ನೆ ಎತ್ತಿಕೊಳ್ಳಲಿ.

ಕೆ.ಆರ್.ಪುರಂ ಅಕ್ಕ

ಒಂದು ಚಿಕ್ಕ ಸೇರ್ಪಡೆ. ಎನ್‌ಐಸಿಯು ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್, ಎಲ್ಲ ರಿಪೋರ್ಟು ದಿನಾಂಕದ ಪ್ರಕಾರ ಒಂದೇ ಫೈಲಿಗೆ ಹಾಕಿ, ಎರಡು ಸೆಟ್ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ನನ್ನ ಮಗಳ ಕಾಗದಗಳು ಅಲ್ಲಲ್ಲಿ ಚದುರಿಹೋಗಿದ್ದರಿಂದ ಒಂದೇ ಪರೀಕ್ಷೆಗೆ ಮೂರು ಸಲ ದುಡ್ಡು ಕಟ್ಟಿದೆವು. ಬೆಳವಣಿಗೆಯನ್ನೇ ನೋಡುವ ಮಕ್ಕಳ ಡಾಕ್ಟರು ಒಬ್ಬರನ್ನು ಹಿಡಿದುಕೊಂಡು, ಥೆರಪಿಸ್ಟ್‌ಗಳ ಮಾತು ಹೊಂದದಿದ್ದಾಗ ಕೊನೆಯ ಮಾತು ನಿಮ್ಮದು ಅಂತ ಅವರಿಗೆ ಹೇಳಿಬಿಡಿ.

ನಿರಾಮಯ ಅಂತ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ, ಬಹು ಅಂಗವೈಕಲ್ಯ ಇರುವವರಿಗೆ. ನಿಮಗೆ ಈಗಲೇ ಅದರ ಯೋಚನೆ ಬೇಡ, ಹೆಸರು ತಿಳಿದಿರಲಿ.

ನಾಗರಭಾವಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ಕಿವಿ ಪರೀಕ್ಷೆ ಹುಟ್ಟಿದಾಗ ಆಗಿತ್ತು, ಆಮೇಲೆ ಮಾಡಿಸಿಲ್ಲ. ಇವತ್ತೇ ಫೋನ್ ಮಾಡಿ ಬುಧವಾರಕ್ಕೆ ಬೆರಾ ಟೈಮ್ ತೆಗೆದುಕೊಂಡೆ. ಸರ್, ನಿಮ್ಮ ಮಗಳ ಕಾಲಿನ ಪಟ್ಟಿಯ ವಿಷಯ ಯಜಮಾನರಿಗೂ ಓದಿ ಹೇಳಿದೆ. ಗುರುವಾರ ಅವರೇ ರಜೆ ಹಾಕಿ ಓಟಿಗೆ ಬರುತ್ತಾರಂತೆ.

ನಿನ್ನೆ ಸಂಜೆ ಮೂಡಲಪಾಳ್ಯದ ಅಂಗಡಿಯಿಂದ ನೋಟ್‌ಬುಕ್ ತಂದೆ. ಫ್ರಿಜ್ ಮೇಲಿನ ಪಟ್ಟಿ ಕಿತ್ತೆ. ಬಲಗಡೆ ಪುಟ ಅತ್ತೆಯೇ ಬರೆಯಲಿ ಅಂತ ಅವರ ಕೈಗೆ ಪೆನ್ನು ಕೊಟ್ಟೆ. ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಹಿಂಜರಿದರು. ಇವತ್ತು ಆಫೀಸಿಂದ ಬಂದು ನೋಡಿದರೆ ಬರೆದಿಟ್ಟಿದ್ದಾರೆ: "ಮಧ್ಯಾಹ್ನ ಮೊಸರನ್ನ. ಕೈ ಹಾಕಿ ಕಲಸಿದ. ಲೋಟ ತೋರಿಸಿ ಐದು ಎಣಿಸಿದೆ, ಏನೂ ಅನ್ನಲಿಲ್ಲ. ಸಂಜೆ ಮತ್ತೆ ಎಣಿಸಿದೆ. ನೀ ಅಂದ."